ಎದೆಯ ಪಾಲು

ನಮ್ಮ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಹೊಲಮನೆ ಹಂಚಿಕೊಳ್ಳುವ ಮೊದಲು ಅವರ ಮೈ ಹಂಚಿಕೊಳ್ಳುತ್ತಾರೆ. ಮಣ್ಣು ಮಾಡಿ ಬಂದ ಮೇಲೆ ಒಂದು ದಿನ ಗೊತ್ತು ಮಾಡಿ, ಪಡಸಾಲೆಯಲ್ಲಿ ಕಂಬಳಿ ಹಾಸಿ, ನಡುವೆ ತಟ್ಟೆಯಲ್ಲಿ ಹರಳುಪ್ಪು ಇಟ್ಟು ಮನೆಯವರೆಲ್ಲ ಸುತ್ತ ಕೂರುತ್ತಾರೆ. ಪಾಲು ಕರೆಯುವ ಹಿರಿಯರು ಒಂದೊಂದನ್ನೇ ಹೆಸರು ಹಿಡಿದು ಕರೆಯುತ್ತಾರೆ. ಸತ್ತವರ ದನಿ ಯಾರಿಗೆ, ನಡಿಗೆ ಯಾರಿಗೆ, ನಿದ್ದೆ ಯಾರಿಗೆ, ಸಿಟ್ಟು ಯಾರಿಗೆ, ಕೆಮ್ಮು ಯಾರಿಗೆ. ಬೇಕಾದವರು ‘ನನಗಿರಲಿ’ ಎಂದು ಒಂದು ಹರಳು ಬಾಯಿಗೆ ಹಾಕಿಕೊಳ್ಳಬೇಕು. ಮೂರು ಸಲ ಕರೆದರೂ ಯಾರೂ ಬಾಯಿ ತೆರೆಯದಿದ್ದರೆ ಅದು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಹೋಗುತ್ತದೆ. ಒಳ್ಳೆಯದಕ್ಕೆ ಜಗಳ, ಕೆಟ್ಟದ್ದಕ್ಕೆ ಮೌನ. ಎಲ್ಲರ ಮನೆಯಲ್ಲೂ ಹೀಗೇ.

ಬಳೆಗಾರ ದುಂಡಪ್ಪ ತನ್ನ ಸೋದರತ್ತೆಯ ದನಿ ತೆಗೆದುಕೊಂಡವನು. ಅವನು ಓಣಿಯ ತುದಿಯಲ್ಲಿ ನಿಂತು ಕೂಗಿದರೆ ಊರಿಗೆ ಹೊಸದಾಗಿ ಬಂದ ಸೊಸೆಯಂದಿರು ಯಾರೋ ಹೆಂಗಸು ಕರೆಯುತ್ತಾಳೆ ಎಂದು ಒದ್ದೆ ತಲೆಯಲ್ಲೇ ಹೊರಗೆ ಬಂದು ನಾಚಿ ಒಳಗೆ ಓಡುತ್ತಾರೆ. ಕಂಡಕ್ಟರ್ ತಿರುಕಪ್ಪನಿಗೆ ಅವನ ಅಜ್ಜನ ಕುಂಟು ಬಂದಿದೆ. ನಮ್ಮ ಊರಿನ ಬಸ್ಸು ಒಂದು ಕಡೆಗೆ ವಾಲಿಕೊಂಡೇ ಓಡುವುದರಿಂದ ಅದರಲ್ಲಿ ನೆಟ್ಟಗೆ ನಿಲ್ಲುವವನು ಅವನೊಬ್ಬನೇ. ಹಿಂದಿನ ಓಣಿಯ ಅಣ್ಣತಮ್ಮಂದಿರು ತಂದೆಯ ಗಾಢನಿದ್ದೆಗಾಗಿ ಹೊಡೆದಾಡಿ ಕೊನೆಗೆ ಅರ್ಧರ್ಧ ಮಾಡಿಕೊಂಡರು. ಈಗ ಇಬ್ಬರಿಗೂ ಸರಿಯಾಗಿ ನಿದ್ದೆಯಿಲ್ಲ.

ನಮ್ಮದು ಹುರಿ ಹೆಣೆಯುವ ಮನೆ. ಮಗ್ಗವಿಲ್ಲ, ಸೂಜಿಯಿಲ್ಲ, ಬೆರಳೇ ಎಲ್ಲ. ನೂಲನ್ನು ಬೆರಳುಗಳಿಗೆ ಸುತ್ತಿಕೊಂಡು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದರೆ ಅಂಗೈ ಕೆಳಗಿನಿಂದ ದುಂಡನೆಯ ಹುರಿ ಇಳಿಯುತ್ತದೆ, ಒಳಗೆ ಟೊಳ್ಳು. ಉಡಿದಾರ, ತೊಟ್ಟಿಲ ಹುರಿ, ಎತ್ತಿನ ಕೊರಳ ಹುರಿ, ಎಲ್ಲವೂ ನಮ್ಮ ಮನೆಯಿಂದಲೇ. ನಮ್ಮಪ್ಪನ ಬೆರಳು ಎಷ್ಟು ಉದ್ದವೆಂದರೆ ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದರೆ ಹೆಬ್ಬೆರಳು ಬಂದು ಕಿರುಬೆರಳಿನ ಮೇಲೆ ಹತ್ತಿ ಕೂರುತ್ತಿತ್ತು. ಆಳೂ ಉದ್ದ, ತೆಳ್ಳಗೆ. ಬಾಗಿಲಿಗೆ ಹಣೆ ಬಡಿದುಕೊಳ್ಳದ ದಿನವಿಲ್ಲ.

ಅಪ್ಪ ಒಂದು ಮಧ್ಯಾಹ್ನ ಹೆಣೆಯುತ್ತ ಕೂತವನು ಕೈ ನಿಲ್ಲಿಸಿ, ‘ಬೆನ್ನ ಹಿಂದ ಯಾರೋ ಅರಿವಿ ಹರಿದಂಗಾತು’ ಎಂದ. ಯಾರೂ ಇರಲಿಲ್ಲ. ಮುಖ ಬೆವರಿ, ಬಿಳಿಚಿಕೊಂಡು, ಗೋಡೆಗೆ ಒರಗಿದವನು ದನಗಳು ಮನೆಗೆ ಬರುವುದರೊಳಗೆ ಹೋಗಿಬಿಟ್ಟ. ಅವನ ತಾಯಿಯೂ ಹಾಗೇ ಹೋಗಿದ್ದಳು, ಅಕ್ಕನೂ ಹಾಗೇ. ನಮ್ಮ ಮನೆತನದ ಎದೆಯಲ್ಲಿ ಹರಿಯುವಂಥದ್ದು ಏನೋ ಒಂದು ಇದೆ ಎಂದು ಊರಿಗೆಲ್ಲ ಗೊತ್ತಿತ್ತು. ಅದಕ್ಕೆ ಎದೆಯ ಪಾಲು ಎಂದೇ ಹೆಸರು.

ಹಂಚಿಕೆಯ ದಿನ ಮೊದಲು ಬೆರಳು ಕರೆದರು. ನನ್ನ ತಮ್ಮ ಗುರುಪಾದ ಆಗ ಇನ್ನೂ ಅಂಬೆಗಾಲಿಡುತ್ತಿದ್ದ. ಹುರಿಯ ಮನೆ ನಡೆಯಬೇಕಲ್ಲ ಎಂದು ಅವ್ವ ಒಂದು ಹರಳನ್ನು ಅವನ ನಾಲಿಗೆಗೆ ಮುಟ್ಟಿಸಿದಳು. ಅವನು ಮುಖ ಸಿಂಡರಿಸಿದ್ದನ್ನು ನೋಡಿ, ಸೂತಕದ ಮನೆಯಾದರೂ, ನಾಲ್ಕು ಜನ ನಕ್ಕರು. ಆಮೇಲೆ ಎದೆ ಕರೆದರು. ಯಾರೂ ಉಸಿರೆತ್ತಲಿಲ್ಲ. ಎರಡನೆಯ ಸಲ ಕರೆದರು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಇನ್ನೊಮ್ಮೆ ಕರೆದಿದ್ದರೆ ಅದು ಚಿಕ್ಕವನಿಗೆ ಹೋಗುತ್ತಿತ್ತು. ನಾನು ‘ನನಗಿರಲಿ’ ಎಂದು ಹರಳು ಬಾಯಿಗೆ ಹಾಕಿಕೊಂಡೆ. ಆಗ ನನಗೆ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಒಳ್ಳೆಯ ಜನ, ಮನೆಗೆ ಬಂದು, ಊಟ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ ಹೋದರು.

ಅಂದಿನಿಂದ ನನ್ನನ್ನು ಗಾಜಿನ ಬುಡ್ಡಿಯಂತೆ ನೋಡಿಕೊಂಡರು. ಕೊಡ ಹೊರಲಿಲ್ಲ, ಒನಕೆ ಹಿಡಿಯಲಿಲ್ಲ, ಓಡಲಿಲ್ಲ. ಬಾಗಿಲು ಧಡಾರನೆ ಹಾಕಿಕೊಂಡರೆ ಅವ್ವ ನನ್ನ ಎದೆಯ ಮೇಲೆ ಕೈಯಿಡುತ್ತಿದ್ದಳು. ನಾನು ಬಿಸಿಲಿನಲ್ಲಿ ಕೂತು ನೂಲು ಬಿಡಿಸಿಕೊಡುತ್ತಿದ್ದೆ. ಗುರುಪಾದ ಬೆಳೆದ, ಅಪ್ಪನಂತೆಯೇ ಉದ್ದವಾದ, ಅಪ್ಪನಿಗಿಂತ ಚೆನ್ನಾಗಿ ಹೆಣೆದ. ನನಗೆ ಅದನ್ನು ನೋಡುವುದೇ ಒಂದು ಹಬ್ಬ. ಅವನ ಎದೆಯನ್ನು ನಾನು ಹೊತ್ತಿದ್ದೇನೆ, ಅದಕ್ಕೇ ಅವನು ನೆಮ್ಮದಿಯಾಗಿ ಓಡಾಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ.

ಅವನ ಮಗಳು ನೀಲಗಂಗಾ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವನು ಅಂಗಳದಲ್ಲಿ ಬಿದ್ದ. ಬೆನ್ನು ಬೆನ್ನು ಎಂದು ಕಿರುಚಿದನಂತೆ. ನಾನು ಒಳಗಿದ್ದೆ. ಜನ ಓಡಿ ಬಂದದ್ದು ಅವನ ಹತ್ತಿರಕ್ಕಲ್ಲ, ನನ್ನ ಹತ್ತಿರಕ್ಕೆ. ನಿಂಬೆವ್ವಗೆ ಗಾಬರಿ ಆಗಬಾರದು, ಅವಳ ಎದೆ ಹರಿದೀತು ಎಂದು ಐದಾರು ಹೆಂಗಸರು ನನ್ನನ್ನು ಹಿಡಿದು, ನೀರು ಕುಡಿಸಿ, ಬೀಸಣಿಗೆ ಬೀಸಿ, ಏನಿಲ್ಲ ಏನಿಲ್ಲ ಎನ್ನುತ್ತ ಕೂರಿಸಿಕೊಂಡರು. ಆಸ್ಪತ್ರೆಯ ಕಾಂಪೌಂಡರನ್ನು ಕರೆತಂದರೆ ಅವನನ್ನೂ ಮೊದಲು ನನ್ನ ಬಳಿಗೇ ಬಿಟ್ಟರು. ಅಂಗಳದಲ್ಲಿ ಗುರುಪಾದನ ತಲೆ ಹಿಡಿದುಕೊಂಡಿದ್ದವಳು ನೀಲಾ ಒಬ್ಬಳೇ. ಬಿಸಿಲು ಬಡಿದು ಸತ್ತ ಎಂದು ಊರು ಮಾತಾಡಿತು. ಅವನ ಹಂಚಿಕೆಯಲ್ಲಿ ಎದೆಯನ್ನು ಕರೆಯಲೂ ಇಲ್ಲ. ಅದು ನನ್ನ ಹತ್ತಿರ ಇತ್ತಲ್ಲ. ಬೆರಳನ್ನು ನೀಲಾ ತೆಗೆದುಕೊಂಡಳು. ಆಗಲೇ ಅವಳ ಬೆರಳು ಉದ್ದವಿದ್ದವು, ಆಮೇಲೆ ಇನ್ನೂ ಉದ್ದವಾದವು. ಬೆಳೆಯುವ ಹುಡುಗಿ, ಯಾವುದು ಅವಳದು, ಯಾವುದು ಬಂದದ್ದು, ಯಾರು ನೋಡುತ್ತಾರೆ?

ಹೀಗೆ ವರ್ಷಗಳು ಹೋದವು. ನೀಲಾ ಮದುವೆಯಾಗಿ, ಗಂಡ ಅಡಿವೆಪ್ಪನನ್ನೇ ನಮ್ಮ ಮನೆಗೆ ಕರೆದುಕೊಂಡು ಬಂದಳು. ಇಬ್ಬರು ಮಕ್ಕಳಾದರು. ದೊಡ್ಡವಳು ಇಂದುಮತಿ, ಚಿಕ್ಕವನು ಮುತ್ತು. ನಾನು ಸಾಯದೆ ಉಳಿದದ್ದೇ ಊರಿಗೆ ಒಂದು ಸೋಜಿಗವಾಯಿತು. ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಕ್ಕೆ ಉಳಿದಳು ಎಂದು ನಮ್ಮ ಮನೆಯವರು ಹೆಮ್ಮೆಪಟ್ಟುಕೊಂಡರು.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದೆ. ಕಾಲಿಗೆ ಏನೂ ಆಗಿರಲಿಲ್ಲ. ಆದರೂ ನೀಲಾ ನನ್ನನ್ನು ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದಳು. ಅಲ್ಲಿ ಹೊಸದಾಗಿ ಬಂದ ಡಾಕ್ಟರಮ್ಮ ಇದ್ದಳು. ಪರವೂರಿನವಳು, ಸಣ್ಣ ವಯಸ್ಸು, ಮಾತು ಮೆತ್ತಗೆ.

‘ಅಜ್ಜಿ, ಹಿಂದೆ ಎದೆಯ ತೊಂದರೆ ಏನಾದರೂ ಇತ್ತಾ?’

‘ಐತ್ರಿ. ನನ್ನ ಕಡೆನೇ ಐತಿ.’

‘ಯಾರು ಹೇಳಿದರು?’

‘ಹೇಳೂದೇನ್ರಿ, ನಾನೇ ಉಪ್ಪು ತಗೊಂಡೀನಿ.’

ಅವಳು ನೀಲಾಳ ಮುಖ ನೋಡಿದಳು. ‘ಎದಿ ಪಾಲು ನಮ್ಮತ್ತಿ ಕಡೆ ಐತ್ರಿ,’ ಎಂದಳು ನೀಲಾ. ‘ಸಾವಕಾಶ ಮುಟ್ಟರಿ.’

ಡಾಕ್ಟರಮ್ಮ ನನ್ನ ಎದೆಗೆ ತಣ್ಣಗಿನ ಅಂಟು ಸವರಿ, ಇಸ್ತ್ರಿಪೆಟ್ಟಿಗೆಯ ಮರಿಯಂಥದ್ದನ್ನು ಒತ್ತಿ ಒತ್ತಿ ಪರದೆ ನೋಡಿದಳು. ಹೃದಯದಿಂದ ಒಂದು ದೊಡ್ಡ ರಕ್ತನಾಳ ಹೊರಡುತ್ತದಂತೆ. ಕೊಡೆಯ ಹಿಡಿಯ ಹಾಗೆ ಮೇಲೆ ಹೋಗಿ, ಬಾಗಿ, ಬೆನ್ನಿನ ಕಡೆಯಿಂದ ಕೆಳಗೆ ಇಳಿಯುತ್ತದಂತೆ. ‘ನೋಡಿ ಅಜ್ಜಿ, ನಿಮ್ಮದು ಎಷ್ಟು ಚೆನ್ನಾಗಿದೆ. ಈ ವಯಸ್ಸಿಗೆ ಇಷ್ಟು ಗಟ್ಟಿಯಾದ ನಾಳ ನಾನು ಕಂಡದ್ದು ಕಡಿಮೆ,’ ಎಂದಳು. ಸಂತೋಷದ ಸುದ್ದಿ ಎಂದು ಹೇಳಿದಳು. ನನಗೆ ಮನೆಯಲ್ಲಿಟ್ಟ ವಸ್ತು ಕಳುವಾದ ಹಾಗಾಯಿತು.

‘ಇನ್ನೊಮ್ಮಿ ನೋಡ್ರಿ. ಅಲ್ಲೇ ಇರಬೇಕು.’

‘ಏನು ಇರಬೇಕು?’

ಅಪ್ಪ ಹೋದದ್ದು, ಅಜ್ಜಿ ಹೋದದ್ದು, ಗುರುಪಾದ ಬೆನ್ನು ಬೆನ್ನು ಎಂದು ಕಿರುಚಿದ್ದು ಎಲ್ಲವನ್ನೂ ಹೇಳಿದೆ. ಅವಳ ಮುಖದ ನಗು ಆರಿತು. ಅಷ್ಟರಲ್ಲಿ ನೀಲಾ ನನ್ನ ಚಪ್ಪಲಿ ಎತ್ತಿ ಕೊಡಲು ಬಾಗಿದಳು. ಡಾಕ್ಟರಮ್ಮ ಅವಳ ಕೈ ನೋಡಿದಳು. ‘ನೀವು ಇಲ್ಲಿ ಬನ್ನಿ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿ.’ ನೀಲಾ ಕಟ್ಟಿದಳು. ಹೆಬ್ಬೆರಳಿನ ತುದಿ ಮುಷ್ಟಿಯ ಆ ಕಡೆಯಿಂದ ಹೊರಗೆ ಇಣುಕಿತು.

‘ನಮ್ಮಪ್ಪನ ಬೆರಳ್ರಿ ಇವು,’ ಎಂದು ನೀಲಾ ಸ್ವಲ್ಪ ಗರ್ವದಿಂದಲೇ ಹೇಳಿದಳು.

ಡಾಕ್ಟರಮ್ಮ ಅವಳನ್ನು ಮಲಗಿಸಿ ಅವಳ ಎದೆಯನ್ನೂ ನೋಡಿದಳು. ಬಹಳ ಹೊತ್ತು ನೋಡಿದಳು. ನಾಳದ ಬುಡ ಉಬ್ಬಿದೆ, ತುಂಬ ಉಬ್ಬಿದೆ, ಗೋಡೆ ತೆಳ್ಳಗಾಗಿದೆ, ಹೀಗೇ ಬಿಟ್ಟರೆ ನಿಮ್ಮ ತಂದೆಗೆ ಆದದ್ದೇ ಆಗಬಹುದು, ಯಾವಾಗ ಎಂದು ಹೇಳಲು ಬರುವುದಿಲ್ಲ ಎಂದಳು. ಭಾರ ಎತ್ತಬಾರದು, ರಕ್ತದೊತ್ತಡ ಇಳಿಸುವ ಮಾತ್ರೆ ಇವತ್ತೇ ಶುರು ಮಾಡಬೇಕು, ದೊಡ್ಡ ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕು.

‘ಅದು ನಮ್ಮತ್ತಿ ಕಡೆ ಐತಿ ಅಂತ ಹೇಳಿದೆನಲ್ರಿ,’ ಎಂದಳು ನೀಲಾ. ‘ಒಂದ ಪಾಲು ಎರಡು ಕಡೆ ಹೆಂಗ ಇರತೈತಿ?’

‘ಇದು ಹಾಗೆ ಹಂಚಿಕೊಳ್ಳುವಂಥದ್ದಲ್ಲಮ್ಮ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರಬಹುದು, ಬರದೆಯೂ ಇರಬಹುದು. ಒಬ್ಬರಿಗೆ ಬಂತು ಅಂತ ಇನ್ನೊಬ್ಬರಿಗೆ ತಪ್ಪುವುದಿಲ್ಲ. ಉದ್ದ ಬೆರಳು ಕೆಲವರಲ್ಲಿ ಇದರ ಜೊತೆಗೇ ಇರುತ್ತದೆ. ನಿಮ್ಮ ಮಕ್ಕಳನ್ನೂ ಕರೆದುಕೊಂಡು ಬನ್ನಿ.’

ನೀಲಾ ಸೆರಗು ಸರಿಮಾಡಿಕೊಂಡು ಎದ್ದಳು. ‘ಪರವೂರಿನಾಕಿ, ಆಕಿಗೆ ತಿಳಿಯಂಗಿಲ್ಲ. ನಡಿ ಅತ್ತಿ,’ ಎಂದಳು.

ನನಗೆ ತಿಳಿಯಿತೇ ಎಂದರೆ, ನನಗೂ ಇಲ್ಲ. ದುಂಡಪ್ಪನ ಗಂಟಲಿನಿಂದ ಅವನ ಅತ್ತೆಯೇ ಮಾತಾಡುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕುಂಟು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಉಪ್ಪು ನನ್ನ ನಾಲಿಗೆಯ ಮೇಲೆ ಕರಗಿದ್ದು ನೆನಪಿದೆ. ಹಾಗಾದರೆ ನಾನು ನುಂಗಿದ್ದು ಏನು? ಬೆರಳನ್ನೂ ಎದೆಯನ್ನೂ ಬೇರೆ ಬೇರೆ ಎಂದು ಕರೆದದ್ದೇ ತಪ್ಪಾಯಿತೇ? ಅವೆರಡೂ ಒಂದೇ ಆಗಿದ್ದರೆ, ಅವ್ವ ನಗುತ್ತ ಗುರುಪಾದನ ನಾಲಿಗೆಗೆ ಮುಟ್ಟಿಸಿದ್ದೇ ಎದೆಯಾಯಿತು, ನನ್ನದು ಬರೀ ಉಪ್ಪಾಯಿತು. ಅಥವಾ ಡಾಕ್ಟರಮ್ಮ ಹೇಳುವಂತೆ ಅದು ಮೊದಲಿನಿಂದಲೇ ಅವನಲ್ಲಿತ್ತೋ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು.

ಊರಿಗೆ ಸುದ್ದಿ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಮುದುಕಿ ಅವತ್ತು ಹರಳನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಆಮೇಲೆ ಉಗುಳಿದ್ದಾಳೆ ಎಂದು ಮಾತಾಯಿತು. ನಲ್ಲಿಯ ಹತ್ತಿರ ಪಕ್ಕದ ಮನೆಯ ಶಾವಂತ್ರವ್ವ ಮುಖಕ್ಕೇ ಅಂದಳು: ‘ನಿಂಬೆವ್ವ, ಈಗರ ಒಂದು ಕೊಡ ಹೊರಬೇಕಲ್ಲ. ಇಷ್ಟು ವರ್ಷದ ಬಾಕಿ ಐತಿ, ಬಾ.’

ನಾನು ಹೋಗಿ ಕೊಡ ಎತ್ತಿದೆ. ಸೊಂಟಕ್ಕೆ ಹೇಗೆ ಇಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಶಾವಂತ್ರವ್ವನೇ ಕೊನೆಗೆ, ‘ಇಳಸ ಇಳಸ, ಬಿದ್ದುಗಿದ್ದಿ, ನಾ ಸುಮ್ನ ಅಂದೆ,’ ಎಂದು ಕಸಿದುಕೊಂಡಳು. ಅವಳ ಕಣ್ಣು ತುಂಬಿದ್ದವು. ನನ್ನ ಎದೆಯಲ್ಲಿ ಏನೂ ಹರಿಯಲಿಲ್ಲ. ಇಡೀ ಆಯುಷ್ಯ ನಾನು ನೀರು ಹೊರಬಹುದಾಗಿತ್ತು.

ನೀಲಾ ಮಾತ್ರೆಗಳನ್ನು ಗೂಡಿನಲ್ಲಿಟ್ಟು ಮರೆತಳು. ತನಗೇನೂ ಇಲ್ಲ ಎಂದು ತೋರಿಸುವುದಕ್ಕೋ ಏನೋ, ಮೊದಲಿಗಿಂತ ಹೆಚ್ಚು ಹೊರತೊಡಗಿದಳು. ಸಂತೆಗೆ ಹುರಿಯ ಗಂಟನ್ನು ಗಂಡನಿಗೂ ಕೊಡದೆ ತಾನೇ ತಲೆಯ ಮೇಲೆ ಇಟ್ಟುಕೊಂಡು ಹೊರಡುತ್ತಿದ್ದಳು. ಅವಳು ಬಾಗಿದಾಗೆಲ್ಲ, ಏದುಸಿರು ಬಿಟ್ಟಾಗೆಲ್ಲ ನನ್ನ ಜೀವ ಹಾರುತ್ತಿತ್ತು. ಒಂದು ದಿನ ಓಣಿಯ ತುದಿಯವರೆಗೆ ಹಿಂದೆ ಹೋಗಿ ಗಂಟಿಗೆ ಕೈ ಹಾಕಿದೆ.

‘ಬಿಡು ಅತ್ತಿ. ನಿನ್ನ ಎದಿ ಹರಿದೀತು.’

‘ನನ್ನ ಎದಿಯಾಗ ಏನೂ ಇಲ್ಲ ನೀಲಾ. ನೀನೂ ಕೇಳಿದಿ.’

‘ಹಂಗನಬ್ಯಾಡ.’

‘ಯಾಕನಬಾರದು?’

ಅವಳು ಗಂಟು ಕೆಳಗಿಟ್ಟು ಅದರ ಮೇಲೆಯೇ ಕೂತಳು. ಕೂತೇ ಅಂದಳು: ‘ನಿನ್ನ ಕಡೆ ಇಲ್ಲ ಅಂದ್ರ, ಅವತ್ತು ಅದು ನಮ್ಮಪ್ಪನ ಕಡೆ ಇತ್ತು ಅಂತಾಗತೈತಿ. ಊರಿನ ಮಂದಿ ಎಲ್ಲಾ ಒಳಗ ನಿನಗ ಗಾಳಿ ಹಾಕ್ಕೋತ ಕುಂತಿದ್ರು. ಹಂಗಾರ ನಮ್ಮಪ್ಪನ್ನ ಯಾರೂ ನೋಡಲಿಲ್ಲ ಅಂತಾಗತೈತಿ.’

ನಾನೂ ಅವಳ ಪಕ್ಕದಲ್ಲಿ ಗಂಟಿನ ಮೇಲೆ ಕೂತೆ. ಸಂತೆಗೆ ಹೋಗುವವರು ನಮ್ಮನ್ನು ಸುತ್ತಿಕೊಂಡು ಹೋದರು. ‘ಯಾರೂ ನೋಡಲಿಲ್ಲ,’ ಎಂದೆ. ‘ನಿನ್ನನ್ನರ ನೋಡೂಣು.’

ಮಾರನೆಯ ದಿನ ಅವಳೇ ಸೀರೆ ಉಟ್ಟುಕೊಂಡು ನಿಂತಳು. ಡಾಕ್ಟರಮ್ಮನ ಮುಂದೆ ಕೂತು, ಹರಿಯುವ ನಾಳ ತೆಗೆದು ಅಲ್ಲಿ ಏನು ಇಡುತ್ತೀರಿ ಎಂದು ಕೇಳಿದಳು. ಬಟ್ಟೆಯ ಕೊಳವೆ, ಎಂದಳು ಡಾಕ್ಟರಮ್ಮ. ನೂಲಿನಲ್ಲಿ ನೇಯ್ದದ್ದು. ನೀಲಾ ನಂಬಲಿಲ್ಲ. ಡಾಕ್ಟರಮ್ಮ ದೊಡ್ಡ ಆಸ್ಪತ್ರೆಗೆ ಹೇಳಿ ಕಳಿಸಿ, ಮುಂದಿನ ಸಲ ಒಂದು ತುಂಡು ತರಿಸಿ ತೋರಿಸಿದಳು. ಬೆಳ್ಳಗೆ, ಸುಕ್ಕುಸುಕ್ಕಾಗಿ, ದುಂಡಗೆ, ಒಳಗೆ ಟೊಳ್ಳು. ನೀಲಾ ಅದನ್ನು ತನ್ನ ಉದ್ದ ಬೆರಳುಗಳ ಮೇಲೆ ಏರಿಸಿಕೊಂಡು, ಎಳೆದು, ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಕೆದಕಿ ನೋಡಿದಳು.

‘ಯಾರು ಹೆಣೀತಾರ್ರಿ?’

‘ಮಷೀನು.’

‘ಬಿಚ್ಚಿಕೊಂಡ್ರ?’

‘ಬಿಚ್ಚಿಕೊಳ್ಳುವುದಿಲ್ಲ. ನಿಮ್ಮ ಮೊಮ್ಮಕ್ಕಳ ಮದುವೆಯವರೆಗೂ ಇರುತ್ತದೆ.’

‘ಗಂಟು ಕಾಣಂಗಿಲ್ಲ,’ ಎಂದು ನೀಲಾ ಇನ್ನೊಮ್ಮೆ ತಿರುಗಿಸಿದಳು. ‘ಚಲೋ ಐತಿ. ಬಿಗಿ ಐತಿ. ಹಾಕ್ರಿ.’ ಅಡಿವೆಪ್ಪ ಪಕ್ಕದಲ್ಲಿ ಕೂತು, ಉಡಿದಾರ ಕೊಂಡಂಗ ಮಾತಾಡತಾಳಲ್ಲ ಎಂದು ಗೊಣಗಿದ.

ದೊಡ್ಡ ಊರಿನಲ್ಲಿ ಆಪರೇಷನ್ ಆಯಿತು. ಎದೆಯ ನಡುವೆ ಉದ್ದನೆಯ ಹೊಲಿಗೆ ಹಾಕಿಸಿಕೊಂಡು, ಬಿಳಿಚಿದ ಮುಖದಲ್ಲಿ, ನೀಲಾ ಬದುಕಿ ಮನೆಗೆ ಬಂದಳು. ಕತೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅವಳು ಬಂದ ವಾರದಲ್ಲೇ ಪಾಲು ಕರೆಯುವ ಸಂಗಯ್ಯಜ್ಜ ಕೋಲು ಊರಿಕೊಂಡು ಬಂದರು.

‘ಒಳಗಿಂದ ಒಂದು ತುಂಡು ತಗದಾರಂತ. ಅದು ಸತ್ತಂಗ ಆತು. ಸತ್ತದ್ದನ್ನ ಹಂಚದ ಬಿಡಬಾರದವ್ವ,’ ಎಂದರು. ಅವರು ಕೆಟ್ಟವರಲ್ಲ. ಹಿಂದೆ ಎಣ್ಣೆಯ ಗಾಣದಲ್ಲಿ ಒಬ್ಬನ ಕಾಲು ಹೋದಾಗಲೂ ಹಂಚಿದ್ದರು. ಆ ಕಾಲಿನ ಜೋಮು ಇವತ್ತಿಗೂ ಅವನ ತಂಗಿಗೆ ಹಿಡಿಯುತ್ತದೆ.

ಕಂಬಳಿ ಹಾಸಿದರು. ಉಪ್ಪು ಇಟ್ಟರು. ನೀಲಾ ಮಂಚದ ಮೇಲೆ ಒರಗಿದ್ದಳು. ಅಡಿವೆಪ್ಪ, ಇಬ್ಬರು ಮಕ್ಕಳು, ನಾನು ಸುತ್ತ ಕೂತೆವು. ಮುತ್ತು ತಟ್ಟೆಯ ಉಪ್ಪನ್ನೇ ನೋಡುತ್ತಿದ್ದ, ಇಂದುಮತಿ ಅವನ ಕೈ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. ಡಾಕ್ಟರಮ್ಮ ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದು ಮೂರು ಸಲ ಹೇಳಿ ಕಳಿಸಿದ್ದಳು. ಹಂಚಿಕೆ ಆಗಲಿ, ಯಾರಿಗೆ ಹೋಗುತ್ತದೋ ಅವರನ್ನು ಒಯ್ದರಾಯಿತು ಎಂದು ಅಡಿವೆಪ್ಪ ಹೇಳುತ್ತಿದ್ದ.

ಸಂಗಯ್ಯಜ್ಜ ಎದೆ ಕರೆದರು. ಎಲ್ಲರ ಮುಖ ನನ್ನ ಕಡೆ ತಿರುಗಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಮುದುಕಿ, ಇನ್ನು ಎಷ್ಟು ದಿನದವಳು; ಒಂದು ಸಲ ತೆಗೆದುಕೊಂಡ ಅಭ್ಯಾಸವೂ ಇದೆ. ನನ್ನ ಕೈ ತಾನಾಗಿಯೇ ತಟ್ಟೆಯ ಕಡೆಗೆ ಹೋಯಿತು. ಹರಳು ಬೆರಳಿಗೆ ಸಿಕ್ಕಿತು.

ಆಗ ನನಗೆ ಗೊತ್ತಾದದ್ದು ಇಷ್ಟೇ. ನಾನು ಇದನ್ನು ಬಾಯಿಗೆ ಹಾಕಿಕೊಂಡರೆ ಎಲ್ಲರೂ ಉಸಿರು ಬಿಟ್ಟು ಎದ್ದು ಹೋಗುತ್ತಾರೆ. ನನ್ನ ಎದೆಯ ಮೇಲೆ ಕೈಯಿಡುತ್ತಾರೆ, ಬಾಗಿಲು ಮೆಲ್ಲಗೆ ಹಾಕುತ್ತಾರೆ. ಮಕ್ಕಳನ್ನು ಯಾರೂ ಆ ಯಂತ್ರದ ಹತ್ತಿರ ಒಯ್ಯುವುದಿಲ್ಲ. ಹಾಕಿಕೊಳ್ಳದಿದ್ದರೆ ಅದು ಮುತ್ತುವಿಗೆ ಹೋಗುತ್ತದೆ. ಹೋಗುತ್ತದೆಯೋ ಇಲ್ಲವೋ, ಯಾರಿಗೆ ಗೊತ್ತು? ದುಂಡಪ್ಪನಿಗೆ ಅತ್ತೆಯ ದನಿ ಹೋಗಲಿಲ್ಲವೇ?

ಎರಡನೆಯ ಸಲ ಕರೆದರು. ‘ಅತ್ತಿ,’ ಎಂದಳು ನೀಲಾ ಮಂಚದಿಂದ, ಮೆಲ್ಲಗೆ. ನಾನು ಹರಳನ್ನು ತಟ್ಟೆಯಲ್ಲೇ ಬಿಟ್ಟು ಕೈಯನ್ನು ಮಡಿಲಿಗೆ ಎಳೆದುಕೊಂಡೆ.

‘ಅತ್ತಿ, ಕರೀಲಿಕ್ಕತ್ತಾರ.’

‘ಕೇಳಾಕತ್ತೈತಿ.’

ಸಂಗಯ್ಯಜ್ಜ ಮೂರನೆಯ ಸಲ ಕರೆದರು. ಅಡಿವೆಪ್ಪ ಬಾಯಿ ತೆರೆದ. ಆದರೆ ಅವನು ಬೇರೆ ಮನೆತನದವನು, ಅವನಿಗೆ ಪಾಲಿಲ್ಲ. ಸಂಗಯ್ಯಜ್ಜ ಒಂದು ಹರಳು ತೆಗೆದು ಮುತ್ತುವಿನ ನಾಲಿಗೆಗೆ ಮುಟ್ಟಿಸಿದರು. ಅವನು ಚಪ್ಪರಿಸಿ ಇನ್ನೊಂದು ಕೇಳಿದ.

ನೀಲಾ ಅಳಲಿಲ್ಲ. ಅತ್ತರೆ ಹೊಲಿಗೆ ಎಳೆಯುತ್ತದೆ, ಅಳಬಾರದು ಎಂದು ಆಸ್ಪತ್ರೆಯವರು ಹೇಳಿದ್ದರು. ನನ್ನ ಕಡೆ ನೋಡದೆ, ‘ನಮ್ಮಪ್ಪಗೆ ಬ್ಯಾಡ ಅಂತ ತಗೊಂಡಾಕಿ, ನನ್ನ ಮಗನ ಮ್ಯಾಲೆ ಬಿಟ್ಟಿ,’ ಎಂದಳು. ಅವತ್ತಿನಿಂದ ನನ್ನ ತಟ್ಟೆಗೆ ಅನ್ನ ಹಾಕುತ್ತಿದ್ದರು, ಮಾತು ಹಾಕುತ್ತಿರಲಿಲ್ಲ. ಶಾವಂತ್ರವ್ವ ಸಹ ಗೋಡೆಯ ಆ ಕಡೆಯಿಂದ ಮಾತಾಡಿಸುವುದು ಬಿಟ್ಟಳು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ನನಗೇ ದಿನಕ್ಕೊಂದು ಥರ ಕಾಣುತ್ತಿತ್ತು. ಮುತ್ತು ಓಡಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಆದರೆ ಪಾಲು ಮುತ್ತುವಿನ ತಲೆಯ ಮೇಲೆ ಬಂದಿತ್ತಲ್ಲ, ಅಡಿವೆಪ್ಪ ಮರುವಾರವೇ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಹೊರಟ. ನಾನು ಇಂದುವಿನ ಕೈ ಹಿಡಿದು ಹಿಂದೆ ಹೋದೆ.

‘ಆಕಿನ್ನ ಯಾಕ ಕರಕೊಂಡು ಬಂದಿ? ಆಕಿಗೆ ಏನೂ ಕೊಟ್ಟಿಲ್ಲಲ್ಲ,’ ಎಂದ.

‘ತಮ್ಮಗ ಹೆದರಿಕಿ ಆದೀತು. ಜೋಡಿ ಇರಲಿ,’ ಎಂದೆ.

ಮುತ್ತು ತಣ್ಣಗಿನ ಅಂಟಿಗೆ ಕಚಗುಳಿಯಾಗಿ ನಕ್ಕು ನಕ್ಕು ಹೊರಳಾಡಿದ. ಡಾಕ್ಟರಮ್ಮ ನೋಡಿ, ಮತ್ತೆ ನೋಡಿ, ಇವನದು ಚೆನ್ನಾಗಿದೆ, ಏನೂ ಇಲ್ಲ ಎಂದಳು. ‘ಉಪ್ಪು ತಗೊಂಡಾನ್ರಿ ಅವ,’ ಎಂದ ಅಡಿವೆಪ್ಪ. ‘ತೆಗೆದುಕೊಳ್ಳಲಿ ಬಿಡಿ,’ ಎಂದಳು ಅವಳು. ಅವನು ಮಗನಿಗೆ ಅಂಗಿ ತೊಡಿಸಿ ಬಾಗಿಲಿನವರೆಗೆ ಹೋಗಿದ್ದ. ನಾನು ಇಂದುವನ್ನು ಎತ್ತಿ ಆ ಹಾಸಿಗೆಯ ಮೇಲೆ ಕೂರಿಸಿದೆ. ಎತ್ತಲು ಬರುತ್ತಿತ್ತು ನನಗೆ ಈಗ.

‘ಬಂದೇವಲ್ಲ. ಈಕಿನ್ನೂ ನೋಡಿಬಿಡ್ರಿ.’

ಇಂದುವಿನ ನಾಳ ಉಬ್ಬಿತ್ತು. ಸ್ವಲ್ಪವೇ. ಈಗಲೇ ಕತ್ತರಿಸುವಂಥದ್ದಲ್ಲ, ಹೆದರುವಂಥದ್ದೂ ಅಲ್ಲ, ಎಂದು ಡಾಕ್ಟರಮ್ಮ ಹೇಳಿದಳು. ಮಾತ್ರೆ ಕೊಡುತ್ತೇನೆ, ವರ್ಷವರ್ಷ ನೋಡುತ್ತೇನೆ, ಉಬ್ಬುವ ಮೊದಲೇ ಹಿಡಿದುಕೊಳ್ಳುತ್ತೇವೆ, ಒಳ್ಳೆಯ ಹೊತ್ತಿಗೆ ಕರೆತಂದಿರಿ. ನಾನು ಹುಡುಗಿಯ ಕೈ ನೋಡಿದೆ. ನೂಲು ಬಿಡಿಸುವಾಗ ದಿನಾ ನೋಡುತ್ತಿದ್ದ ಕೈ. ಹಾಸಿಗೆಯ ಅಂಚನ್ನು ಹಿಡಿದಿದ್ದ ಆ ಬೆರಳುಗಳು ಅವಳ ವಯಸ್ಸಿಗೆ ಎಷ್ಟು ಉದ್ದವಿದ್ದವು ಎಂದು ಅವತ್ತೇ ನನ್ನ ಕಣ್ಣಿಗೆ ಬಿದ್ದದ್ದು.

ಮನೆಗೆ ಬಂದು ಹೇಳಿದಾಗ ನೀಲಾ ಮಗಳನ್ನು ಹತ್ತಿರ ಕರೆದು ಅವಳ ಬೆರಳುಗಳನ್ನು ತನ್ನ ಬೆರಳಿಗೆ ಹೊಂದಿಸಿ ನೋಡಿದಳು. ಆಮೇಲೆ, ‘ಅತ್ತಿ, ಚಾ ಕುಡದಿ?’ ಎಂದು ಕೇಳಿದಳು. ಇಲ್ಲ ಎಂದೆ. ‘ಇಂದೂ, ಅಜ್ಜಿಗೆ ಚಾ ಕೊಡು,’ ಎಂದಳು. ಮತ್ತೆ ನನ್ನ ಕಡೆ ತಿರುಗಿ ಕೇಳಿದಳು, ‘ಅವತ್ತು ನೀನು ತಗೊಂಡಿದ್ರ?’

‘ದವಾಖಾನಿಗೆ ಹೋಗದ ಮನಿಯಾಗ ಇರತಿದ್ವಿ,’ ಎಂದೆ. ‘ಎಲ್ಲಾರೂ.’

ಸಂಗಯ್ಯಜ್ಜನವರಿಗೆ ಈ ಸುದ್ದಿ ಹೇಳಿದರೆ ಅವರು ಕೋಲಿನ ತುದಿಯಿಂದ ನೆಲ ಕೆದಕುತ್ತ ಕೂತುಬಿಟ್ಟರು. ಚಿಕ್ಕವನಿಗೆ ಕೊಟ್ಟದ್ದು ದೊಡ್ಡವಳಲ್ಲಿ ಹೇಗೆ ಸಿಕ್ಕಿತು, ಕೊಡುವ ಮೊದಲೇ ಅಲ್ಲಿ ಹೇಗೆ ಇತ್ತು ಎಂದು ಅವರಿಗೂ ಹೊಳೆಯಲಿಲ್ಲ. ಆದರೂ ಹೋದ ತಿಂಗಳು ಶಾವಂತ್ರವ್ವನ ಸೋದರತ್ತೆ ತೀರಿಕೊಂಡಾಗ ಅವರೇ ಹೋಗಿ ಪಾಲು ಕರೆದರು. ಈಗ ಶಾವಂತ್ರವ್ವ ನಡೆದು ಬಂದರೆ ಅವಳ ಅತ್ತೆಯೇ ಬಂದಳೇನೋ ಎಂದು ನಾವು ಎದ್ದು ನಿಲ್ಲುತ್ತೇವೆ.

ಇಂದುವಿಗೆ ಬೆಳಗಿನ ಮಾತ್ರೆ ಕೊಡುವುದು ನನ್ನ ಪಾಲಿನ ಕೆಲಸ. ಅವಳು ಅದನ್ನು ನುಂಗಿ, ಲೋಟದ ನೀರೆಲ್ಲ ಕುಡಿದು, ಒಂದು ದಿನ ನನ್ನ ಮುಖವನ್ನೇ ನೋಡುತ್ತ ಕೇಳಿದಳು: ‘ಅಜ್ಜಿ, ನನಗ ಇದು ಬರಾಕ ಯಾರು ಸತ್ತಾರ?’

ಒಳಗೆ ನೀಲಾ ಹಾಸಿಗೆಯ ಮೇಲೆ ಕೂತು, ಆಪರೇಷನ್ ಆದ ಮೇಲೆ ಮೊದಲ ಸಲ, ನಿಧಾನವಾಗಿ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅಂಗಳದಲ್ಲಿ ಮುತ್ತು ಯಾರನ್ನೋ ಬೈಯುತ್ತಿದ್ದ.

‘ಯಾರೂ ಸತ್ತಿಲ್ಲ,’ ಎಂದೆ.

‘ಮತ್ತ ಹೆಂಗ ಬಂತು?’

‘ಗೊತ್ತಿಲ್ಲ ಮಗಳ. ಯಾರೂ ಸತ್ತಿಲ್ಲ.’

ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಿಲ್ಲ. ಲೋಟ ಇಸಿದುಕೊಂಡೆ, ಅವಳು ಆಡಲು ಹೋದಳು.